ತುದಿ ಮುಟ್ಟಿದರೆ ಅರ್ಧ ದಾರಿ



ಓಟ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಶಾಲೆಯ ಮೈದಾನ, ಸುಣ್ಣದ ಪುಡಿಯಿಂದ ಎಳೆದ ಗೆರೆಗಳು, ದೈಹಿಕ ಶಿಕ್ಷಕರ ಸೀಟಿ, ಕೊನೆಯಲ್ಲಿ ಇಬ್ಬರು ಹಿಡಿದು ನಿಂತ ದಾರ. ಆ ದಾರಕ್ಕೆ ಎದೆ ತಾಗಿಸಿದರೆ ಓಟ ಮುಗಿಯಿತು. ಆಮೇಲೆ ನೀವು ಕುಸಿದು ಕೂತರೂ ಚಿಂತೆಯಿಲ್ಲ, ಯಾರಾದರೂ ಬಂದು ನೀರು ಕೊಡುತ್ತಾರೆ.

ಇಂದು ನಾವು ಮಾತನಾಡಲಿರುವುದು ಬೇರೊಂದು ಬಗೆಯ ಓಟದ ಬಗ್ಗೆ. ಇದರಲ್ಲಿ ಸುಣ್ಣದ ಗೆರೆಯಿಲ್ಲ, ಸಮತಟ್ಟಾದ ನೆಲವಿಲ್ಲ. ಕಾಡಿನೊಳಗೆ ಹೊರಟು, ಮರಗಳಿಲ್ಲದ ಬಯಲನ್ನು ದಾಟಿ, ಬಂಡೆಗಳ ತುದಿಯನ್ನು ಏರಿ, ಬೇರೊಂದು ದಾರಿಯಿಂದ ಇಳಿದು ಹೊರಟಲ್ಲಿಗೇ ಬಂದು ಸೇರಬೇಕು. ಇದು ಸುತ್ತು ದಾರಿಯ ಬೆಟ್ಟದ ಓಟ. ಇಲ್ಲಿ ಗುರಿಯ ದಾರ ಬೆಟ್ಟದ ತುದಿಯಲ್ಲಿಲ್ಲ, ಹೊರಟ ಜಾಗದಲ್ಲಿಯೇ ಇದೆ. ಈ ಒಂದು ವ್ಯತ್ಯಾಸದಿಂದ ಓಟದ ಅರ್ಥವೇ ಹೇಗೆ ಬದಲಾಗುತ್ತದೆ ಎಂಬುದನ್ನು ಒಂದು ನಿಜವಾದ ಬೆಟ್ಟವನ್ನು ಹತ್ತಿಳಿಯುತ್ತಲೇ ನೋಡೋಣ.

ಬೆಟ್ಟದ ಹೆಸರು ಬೆನ್ನಹೀ. ಇದು ಬ್ರಿಟನ್ನಿನ ಉತ್ತರ ಭಾಗವಾದ ಸ್ಕಾಟ್ಲೆಂಡಿನಲ್ಲಿ, ಅಬರ್ಡೀನ್ ನಗರದ ವಾಯವ್ಯಕ್ಕಿದೆ. ಒಂದೇ ಬೆಟ್ಟವೆನ್ನುವುದಕ್ಕಿಂತ ಹಲವು ತುದಿಗಳ ಸಾಲು ಎನ್ನಬೇಕು. ಅವುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಆಕ್ಸೆನ್ ಕ್ರೇಗ್, 528 ಮೀಟರ್. ಆದರೆ ಜನರ ಕಣ್ಣು ಮತ್ತು ಕಾಲು ಎರಡೂ ಹೋಗುವುದು ಅದಕ್ಕಿಂತ ಹತ್ತು ಮೀಟರ್ ಕಡಿಮೆಯಿರುವ ಮಿದರ್ ಟ್ಯಾಪ್ ಎಂಬ ತುದಿಯ ಕಡೆಗೆ. 'ಮಿದರ್' ಎಂದರೆ ಅಲ್ಲಿನ ಆಡುಮಾತಿನಲ್ಲಿ ತಾಯಿ. ಬಯಲಿನಿಂದ ನೋಡಿದರೆ ನೆತ್ತಿಯ ಮೇಲೆ ಬಂಡೆಗಳ ಮುಡಿ ಕಟ್ಟಿಕೊಂಡಂತೆ ಎದ್ದು ಕಾಣುವುದು ಇದೇ.

518 ಮೀಟರ್ ಎಂದರೆ ನೀವು ನಗಬಹುದು. ನಮ್ಮ ಬೆಂಗಳೂರು ನಗರವೇ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವವನು ಮಿದರ್ ಟ್ಯಾಪಿನ ತುದಿಗಿಂತ ಬಹಳ ಮೇಲೆ ನಿಂತಿರುತ್ತಾನೆ! ಆದರೆ ಬೆನ್ನಹೀ ಇರುವುದು ಸುಮಾರು 57 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ 500 ಮೀಟರ್ ಎತ್ತರದಲ್ಲಿಯೇ ಗಾಳಿ, ಚಳಿ, ಮಂಜುಗಳು ಕಟುವಾಗಿರಬಲ್ಲವು. ಬೆಟ್ಟವನ್ನು ಅಳೆಯಲು ಬರಿಯ ಮೀಟರುಗಳು ಸಾಲವು.

ಬೆಟ್ಟ ಏರಿ ಓಡುವುದು ಆ ನಾಡಿಗೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಮಾಲ್ಕಮ್ ಎಂಬ ದೊರೆ ಚುರುಕಾದ ಓಲೆಕಾರನನ್ನು ಆರಿಸಲು ಬ್ರೇಮಾರ್ ಎಂಬಲ್ಲಿ ಬೆಟ್ಟದ ಓಟವನ್ನು ನಡೆಸಿದನೆಂಬ ಐತಿಹ್ಯವಿದೆ. ದಾಖಲೆಯುಳ್ಳ ಸಂಗತಿ ಬೇಕಾದರೆ 1895ಕ್ಕೆ ಬರೋಣ. ಆ ವರ್ಷ ವಿಲಿಯಂ ಸ್ವಾನ್ ಎಂಬಾತ ಫೋರ್ಟ್ ವಿಲಿಯಂ ಪಟ್ಟಣದಿಂದ ಹೊರಟು, 1,345 ಮೀಟರ್ ಎತ್ತರದ ಬೆನ್ ನೆವಿಸ್ ಶಿಖರವನ್ನು ಮುಟ್ಟಿ, 2 ಗಂಟೆ 41 ನಿಮಿಷಗಳಲ್ಲಿ ಪಟ್ಟಣಕ್ಕೆ ಹಿಂತಿರುಗಿದ. ಗಮನಿಸಿ, ಗಡಿಯಾರ ನಿಂತದ್ದು ಶಿಖರದಲ್ಲಲ್ಲ, ಆತ ಊರಿಗೆ ಮರಳಿದ ಮೇಲೆ.

ಈಗ ಹೊರಡೋಣ. ಬೆನ್ನಹೀ ಬೆಟ್ಟದ ಆಗ್ನೇಯ ತಪ್ಪಲಿನಲ್ಲಿ ಒಂದು ಸಂದರ್ಶಕರ ಕೇಂದ್ರವಿದೆ. ಅಲ್ಲಿಂದ ಕಾಡಿನ ದಾರಿ ಹಿಡಿದು, ಬಯಲನ್ನೇರಿ, ಮಿದರ್ ಟ್ಯಾಪ್ ಮುಟ್ಟಿ, ಇನ್ನೊಂದು ಮಗ್ಗುಲಿನಿಂದ ಇಳಿದರೆ ಒಂಬತ್ತು ಕಿಲೋಮೀಟರ್ ಆಸುಪಾಸಿನ ಸುತ್ತು ಹಾಕಿಕೊಳ್ಳಬಹುದು. ಏರು ಸುಮಾರು 400 ಮೀಟರ್.

ಮೊದಲು ಕಾಡು. ಸ್ಕಾಟ್ಸ್ ಪೈನ್, ಲಾರ್ಚ್, ಸ್ಪ್ರೂಸ್ ಎಂಬ ಸೂಜಿ ಎಲೆಯ ಮರಗಳು. ಉದುರಿದ ಎಲೆಗಳು ನೆಲದ ಮೇಲೆ ಹಾಸಿಗೆಯಂತೆ ಬಿದ್ದಿರುವುದರಿಂದ ಕಾಲಿಗೆ ಹಿತವಾಗಿರುತ್ತದೆ, ಗಾಳಿಯೂ ಸೋಕುವುದಿಲ್ಲ. ಹೊಸಬರು ತಪ್ಪು ಮಾಡುವುದು ಇಲ್ಲಿಯೇ. ಮೈಯಲ್ಲಿ ಕಸುವು ತುಂಬಿದೆ, ನೆಲ ಮೆತ್ತಗಿದೆ ಎಂದು ಬಾಣದಂತೆ ಹೊರಟುಬಿಡುತ್ತಾರೆ. ಅನುಭವಿಗಳು ಹೀಗೆ ಮಾಡುವುದಿಲ್ಲ. ಜೊತೆಗಾರನೊಂದಿಗೆ ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಆಡುವಷ್ಟು ವೇಗದಲ್ಲಿ ಮಾತ್ರ ಓಡುತ್ತಾರೆ. ಮಾತು ತುಂಡಾಗತೊಡಗಿದರೆ ವೇಗ ಹೆಚ್ಚಾಯಿತು ಎಂದರ್ಥ. ಇದಕ್ಕೆ ಯಾವ ಯಂತ್ರವೂ ಬೇಕಿಲ್ಲ.

ದಾರಿಯಲ್ಲಿ 'ಈ ಹಾದಿ ಮುಚ್ಚಿದೆ' ಎಂಬ ಫಲಕ ಕಂಡರೆ ಮರುಮಾತಿಲ್ಲದೆ ಪಾಲಿಸಬೇಕು. 2021ರ ನವೆಂಬರಿನಲ್ಲಿ ಆರ್ವೆನ್ ಎಂಬ ಬಿರುಗಾಳಿ ಈಶಾನ್ಯ ಸ್ಕಾಟ್ಲೆಂಡಿನ ಕಾಡುಗಳಲ್ಲಿ ಲೆಕ್ಕವಿಲ್ಲದಷ್ಟು ಮರಗಳನ್ನು ಬುಡಮೇಲು ಮಾಡಿತು. ಅರ್ಧ ಉರುಳಿ ಇನ್ನೊಂದು ಮರಕ್ಕೆ ಒರಗಿ ನಿಂತ ಮರ ಯಾವ ಗಳಿಗೆಯಲ್ಲಿ ಬೀಳುವುದೋ ಹೇಳುವವರಿಲ್ಲ. ನಿಮ್ಮ ಕೈಯಲ್ಲಿರುವ ನಕಾಶೆ ಕಳೆದ ವರ್ಷದ್ದಿರಬಹುದು, ಫಲಕ ಮಾತ್ರ ಇಂದಿನದು.

ಏರು ಕಡಿದಾದಂತೆ ಓಟ ನಡಿಗೆಯಾಗುತ್ತದೆ. ನಾಚಿಕೆಪಡಬೇಕಾಗಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟು, ಹೆಜ್ಜೆ ಚಿಕ್ಕದಾಗಿಸಿ ಬಿರಬಿರನೆ ನಡೆಯುವುದನ್ನು ಬೆಟ್ಟದ ಓಟದ ಗಟ್ಟಿಗರೂ ಮಾಡುತ್ತಾರೆ. ಕಡಿದಾದ ಏರಿನಲ್ಲಿ ಓಡುವವನಿಗೂ ಹೀಗೆ ನಡೆಯುವವನಿಗೂ ವೇಗದಲ್ಲಿ ಹೆಚ್ಚು ಅಂತರವಿರುವುದಿಲ್ಲ, ಖರ್ಚಾಗುವ ಶಕ್ತಿಯಲ್ಲಿ ಮಾತ್ರ ಬಹಳ ಅಂತರವಿರುತ್ತದೆ.

ಇದ್ದಕ್ಕಿದ್ದಂತೆ ಮರಗಳು ಮುಗಿಯುತ್ತವೆ. ಮುಂದೆ ಕಾಣುವುದು ಅಲೆಯಲೆಯಾದ ಬಯಲು, ಅದರ ತುಂಬ ಕುಳ್ಳಾದ ಗಿಡ. ಈ ಬಗೆಯ ನೆಲಕ್ಕೆ ಅಲ್ಲಿ ಮೂರ್‌ಲ್ಯಾಂಡ್ ಎನ್ನುತ್ತಾರೆ, ಗಿಡಕ್ಕೆ ಹೆದರ್ ಎನ್ನುತ್ತಾರೆ. ಹೆಸರು ಕೇಳಿ ನೀವು ಹೆದರಬೇಕಾಗಿಲ್ಲ! ಮೊಣಕಾಲೆತ್ತರದ, ಗಡುಸಾದ ಕಡ್ಡಿಗಳ ಪೊದೆ ಅದು. ಆಗಸ್ಟ್ ತಿಂಗಳಲ್ಲಿ ಅದು ಹೂಬಿಟ್ಟಾಗ ಇಡೀ ಬೆಟ್ಟ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕೆಳಗಿನ ಮಣ್ಣು ಹುಳಿಗುಣದ್ದು. ಚಳಿ ಮತ್ತು ತೇವದಿಂದಾಗಿ ಸತ್ತ ಗಿಡಗಳು ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿ ಪೀಟ್ ಎಂಬ ಕಪ್ಪು ಮಣ್ಣಾಗುತ್ತವೆ. ಪೀಟ್ ನೀರನ್ನು ಸ್ಪಂಜಿನಂತೆ ಹಿಡಿದಿಡುತ್ತದೆ. ಗಟ್ಟಿಯಾಗಿ ಕಂಡ ಜಾಗದಲ್ಲಿ ಹೆಜ್ಜೆಯಿಟ್ಟರೆ ಕಾಲು ಮೀನಖಂಡದವರೆಗೂ ಇಳಿಯಬಹುದು.

ಇಲ್ಲಿ ಮರಗಳೇಕಿಲ್ಲ? ಗಾಳಿ ಮತ್ತು ಚಳಿ ಎಂಬುದು ಅರ್ಧ ಉತ್ತರ. ಇನ್ನರ್ಧ ಮನುಷ್ಯನಿಗೆ ಸೇರಿದ್ದು. ಬ್ರಿಟನ್ನಿನ ಇಂತಹ ಬಯಲುಗಳ ಬಹುಭಾಗ ಒಮ್ಮೆ ಕಾಡಾಗಿತ್ತು. ಇತಿಹಾಸಪೂರ್ವ ಕಾಲದಿಂದ ಜನ ಮರ ಕಡಿದರು, ಬೆಂಕಿಯಿಟ್ಟರು, ದನ ಕುರಿ ಮೇಯಿಸಿದರು. ಚಿಗುರು ಮತ್ತೆ ಮರವಾಗಲಿಲ್ಲ. ನಮ್ಮ ಕುದುರೆಮುಖದ ಕಡೆಯ ಶೋಲಾ ಕಾಡು ಮತ್ತು ಹುಲ್ಲುಗಾವಲುಗಳನ್ನು ನೋಡಿದವರಿಗೆ ಈ ನೋಟ ಪರಿಚಿತವೆನಿಸಬಹುದು. ಆದರೆ ಹೋಲಿಕೆ ಕಣ್ಣಿಗೆ ಮಾತ್ರ. ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲುಗಳು ಕಾಡು ಕಡಿದು ಆದವಲ್ಲ, ಸಾವಿರಾರು ವರ್ಷಗಳಿಂದ ಸಹಜವಾಗಿಯೇ ಇದ್ದವು. ಒಂದೇ ರೀತಿ ಕಾಣುವ ಎರಡು ನೆಲಗಳ ಕಥೆ ಬೇರೆಬೇರೆಯಾಗಿರಬಹುದು ಎಂಬುದನ್ನು ಭೂಗೋಳದ ವಿದ್ಯಾರ್ಥಿಗಳು ಮರೆಯಬಾರದು.

ಬಯಲು ಮುಗಿದು ಬಂಡೆ ಶುರುವಾಗುವಲ್ಲಿ, ತುದಿಯ ಸುತ್ತಲೂ ಉಂಗುರದಂತೆ ಬಿದ್ದಿರುವ ಕಲ್ಲುರಾಶಿಯನ್ನು ದಾಟಬೇಕು. ಅದು ಪ್ರಕೃತಿ ಸುರಿದ ಕಲ್ಲಲ್ಲ, ಕುಸಿದ ಕೋಟೆಗೋಡೆ. ಪಿಕ್ಟ್ ಎಂದು ಕರೆಯಲಾಗುವ ಜನಾಂಗ ಕ್ರಿ.ಶ. ಏಳು ಮತ್ತು ಎಂಟನೆಯ ಶತಮಾನದ ಸುಮಾರಿಗೆ ಇಲ್ಲಿ ನೆಲೆಸಿದ್ದುದಕ್ಕೆ ಉತ್ಖನನಗಳಲ್ಲಿ ಆಧಾರ ಸಿಕ್ಕಿದೆ. ನಮ್ಮಲ್ಲಿ ಬಾದಾಮಿ ಚಾಲುಕ್ಯರು ಬಂಡೆಗಳ ಮೇಲೆ ಕೋಟೆ ಗುಡಿಗಳನ್ನು ಕಟ್ಟುತ್ತಿದ್ದ ಕಾಲವದು.

ಇನ್ನು ಆ ಬಂಡೆ. ಬೆನ್ನಹೀ ಬೆಟ್ಟದ ಕಲ್ಲು ಗ್ರಾನೈಟ್, ವಯಸ್ಸು ಸುಮಾರು 40 ಕೋಟಿ ವರ್ಷ. ನೆಲದಾಳದಲ್ಲಿ ಕರಗಿದ ಶಿಲೆ ನಿಧಾನವಾಗಿ ತಣ್ಣಗಾಗಿ ಗಟ್ಟಿಯಾಯಿತು. ಮೇಲಿದ್ದ ಭೂಮಿಯ ಪದರಗಳು ಕೋಟ್ಯಂತರ ವರ್ಷ ಸವೆದು ಹೋದಾಗ ಅದರ ಮೇಲಿನ ಭಾರ ಇಳಿಯಿತು. ಭಾರ ಇಳಿದ ಶಿಲೆ ಹಿಗ್ಗಿ ಬಿರುಕು ಬಿಟ್ಟಿತು, ಬಿರುಕಿಗೆ ನೀರಿಳಿಯಿತು, ನೀರು ಹೆಪ್ಪುಗಟ್ಟಿ ಬಿರುಕನ್ನು ಹಿರಿದು ಮಾಡಿತು. ಮೆತ್ತನೆಯ ಭಾಗ ಕೊಚ್ಚಿಹೋಗಿ, ಗಟ್ಟಿಯಾದದ್ದು ರೊಟ್ಟಿಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಉಳಿಯಿತು. ನಮ್ಮ ರಾಮನಗರದ ಬಂಡೆಗಳೂ ಗ್ರಾನೈಟ್ ಜಾತಿಯವೇ. ಆ ಊರಿನ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಆ ಶಿಲೆಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಹೆಸರಾಗಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ಕಲ್ಲಿನ ಮುಂದೆ ಮಿದರ್ ಟ್ಯಾಪಿನ ಕಲ್ಲು ಇನ್ನೂ ಕೂಸು!

ಈಗ ನೀವು ತುದಿಯ ಮೇಲಿದ್ದೀರಿ. ಸುತ್ತಲೂ ಹೊಲಗಳು, ಊರುಗಳು, ದೂರದ ಬೆಟ್ಟಗಳು. ಗೆದ್ದೆ ಎಂದು ಕೂಗಬೇಕೆನಿಸುತ್ತದೆ. ಈ ಗಳಿಗೆಯಲ್ಲಿಯೇ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಇಳಿಯುವುದಕ್ಕೆ ನನ್ನಲ್ಲಿ ಏನು ಉಳಿದಿದೆ?

ಮೊದಲನೆಯದು ಕಾಲ. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ, ಒಂದು ಸಣ್ಣ ಲೆಕ್ಕ ಮಾಡೋಣ. 1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಬೆಟ್ಟದ ನಡಿಗೆಗೆ ಒಂದು ಸೂತ್ರವನ್ನು ಕೊಟ್ಟ. ಇಂದಿನ ಅಳತೆಯಲ್ಲಿ ಹೇಳುವುದಾದರೆ ಸುಮಾರು ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿ 9 ಕಿಲೋಮೀಟರ್: 1 ಗಂಟೆ 48 ನಿಮಿಷ. ಏರು 400 ಮೀಟರ್: 40 ನಿಮಿಷ. ಒಟ್ಟು 2 ಗಂಟೆ 28 ನಿಮಿಷ. ಓಡುವವರಿಗೆ ಇಷ್ಟು ಬೇಡ ನಿಜ. ಆದರೆ ಕಾಲು ಉಳುಕಿದರೆ ಓಟಗಾರನೂ ನಡೆಯುವವನೇ. ಆದ್ದರಿಂದ ನಡಿಗೆಯ ಲೆಕ್ಕವನ್ನೇ ಇಟ್ಟುಕೊಂಡು ಹೊರಡುವುದು ಜಾಣತನ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮಧ್ಯಾಹ್ನ ಮೂರೂವರೆಗೇ ಮುಳುಗುತ್ತಾನೆ. ಒಂದು ಗಂಟೆಗೆ ಹೊರಟವನಿಗೆ ಈ ಲೆಕ್ಕದಲ್ಲಿ ಉಳಿಯುವುದು ಎರಡೇ ನಿಮಿಷ!

ಎರಡನೆಯದು ಮೈಯ ಬಿಸಿ. ಎತ್ತರಕ್ಕೆ ಹೋದಂತೆ ಉಷ್ಣತೆ ಇಳಿಯುತ್ತದೆ, 400 ಮೀಟರಿಗೆ ಸುಮಾರು ಎರಡೂವರೆ ಡಿಗ್ರಿ ಸೆಲ್ಸಿಯಸ್. ಇದು ದೊಡ್ಡದಲ್ಲ. ದೊಡ್ಡದು ಗಾಳಿ. ಏರುವಾಗ ಬೆವರಿ ಬಟ್ಟೆ ಒದ್ದೆಯಾಗಿರುತ್ತದೆ. ತುದಿಯಲ್ಲಿ ನಿಂತೊಡನೆ ಗಾಳಿ ಆ ತೇವವನ್ನು ಆರಿಸುತ್ತ ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಇದೇ ನಿಯಮದಿಂದ. ಬಿಸಿಲಿದ್ದ ದಿನವೂ ಗಾಳಿ ತಡೆಯುವ ಅಂಗಿ, ನಕಾಶೆ, ದಿಕ್ಸೂಚಿ, ಸೀಟಿ, ಒಂದಿಷ್ಟು ತಿನಿಸು ಬೆನ್ನ ಚೀಲದಲ್ಲಿರಬೇಕು. ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿದರೆ ಬ್ರಿಟನ್ನಿನ ಬೆಟ್ಟಗಳಲ್ಲಿ ಅದು 'ಅಪಾಯದಲ್ಲಿದ್ದೇನೆ, ಬನ್ನಿ' ಎಂಬ ಕರೆ.

ಮೂರನೆಯದು ತೊಡೆಯ ಬಲ. ಇಳಿಯುವುದು ಸುಲಭ ಎಂದು ನಾವೆಲ್ಲ ನಂಬಿದ್ದೇವೆ. ಉಸಿರಿಗೆ ಸುಲಭ, ಸ್ನಾಯುವಿಗೆ ಅಲ್ಲ. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ. ಇಳಿಯುವಾಗ ಅದು ಉದ್ದವಾಗುತ್ತಲೇ ಬಿಗಿಹಿಡಿದು ಮೈಯ ಭಾರವನ್ನು ತಡೆಯಬೇಕು, ಎತ್ತಿನಗಾಡಿಯನ್ನು ಇಳಿಜಾರಿನಲ್ಲಿ ಹಿಂದಕ್ಕೆ ಜಗ್ಗಿ ಹಿಡಿದವನ ಹಾಗೆ. ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟು ಬೀಳುವುದು ಹೆಚ್ಚಾಗಿ ಈಗಲೇ. ಮರುದಿನ ಮೆಟ್ಟಿಲಿಳಿಯುವಾಗ ಅಯ್ಯೋ ಎನಿಸುವುದು ಇದರಿಂದ. ಬಲವನ್ನೆಲ್ಲ ತುದಿಗೇ ಸುರಿದು ಬಂದವನ ಕಾಲು ಇಳಿಜಾರಿನಲ್ಲಿ ನಡುಗುತ್ತದೆ, ಕಲ್ಲಿಗೆ ತಾಗುತ್ತದೆ. ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ಸ್ವಲ್ಪ ಬಾಗಿರಲಿ, ಕಣ್ಣು ಪಾದದ ಮೇಲಲ್ಲ, ಮೂರು ನಾಲ್ಕು ಮೀಟರ್ ಮುಂದಿರಲಿ.

ಹೀಗೆ ಇಳಿಯುತ್ತ ಮತ್ತೆ ಕಾಡಿನೊಳಗೆ ಬಂದಾಗ ಪಾಚಿ ಹಿಡಿದ ಕೆಲವು ಮೋಟು ಗೋಡೆಗಳು ಕಾಣುತ್ತವೆ. ಅಂಗಳ, ಬಾಗಿಲಿನ ಜಾಗ, ಹೊಲದ ಬದುವಿನ ಗುರುತು. ಏರುವ ಆತುರದಲ್ಲಿ ಇಂಥವು ಕಣ್ಣಿಗೆ ಬೀಳುವುದಿಲ್ಲ. ಸ್ವಲ್ಪ ನಿಲ್ಲಿ. ಓಟ ಕಾಯುತ್ತದೆ.

ಒಂದು ಕಾಲದಲ್ಲಿ ಬೆನ್ನಹೀ ಬೆಟ್ಟ ಯಾರೊಬ್ಬರದೂ ಆಗಿರಲಿಲ್ಲ. ನಮ್ಮ ಗೋಮಾಳದಂತೆ ಸುತ್ತಲಿನವರೆಲ್ಲ ದನ ಮೇಯಿಸಲು, ಉರುವಲಿಗೆ ಪೀಟ್ ಕಡಿಯಲು, ಕಲ್ಲು ತರಲು ಬಳಸುತ್ತಿದ್ದ ಸಾಮೂಹಿಕ ಭೂಮಿ ಅದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ನೆಲವಿಲ್ಲದ ಬಡ ಕುಟುಂಬಗಳು ಇಲ್ಲಿ ಬಂದು ನೆಲೆಸಿದವು. ಕಲ್ಲು ಆಯ್ದು ಗೋಡೆ ಕಟ್ಟಿದರು, ಹೆದರ್ ಪೊದೆಗಳನ್ನು ಕಿತ್ತು ಹೊಲ ಮಾಡಿದರು. 1859ರಲ್ಲಿ ಸುತ್ತಲಿನ ಜಮೀನ್ದಾರರು ಈ ಸಾಮೂಹಿಕ ಭೂಮಿಯನ್ನು ಕಾನೂನಿನ ಮೂಲಕ ತಮ್ಮೊಳಗೆ ಹಂಚಿಕೊಂಡರು. ತಾವೇ ಹಸನು ಮಾಡಿದ ನೆಲಕ್ಕೆ ಅವರು ಗೇಣಿದಾರರಾದರು. ಕೆಲವರನ್ನು ಆಮೇಲೆ ಒಕ್ಕಲೆಬ್ಬಿಸಲಾಯಿತು, ಉಳಿದವರು ಒಬ್ಬೊಬ್ಬರಾಗಿ ಹೋದರು. ಕೊನೆಯ ನಿವಾಸಿ 1939ರಲ್ಲಿ ತೀರಿಕೊಂಡರು. ಗೋಡೆಗಳ ಮೇಲೆ ಕಾಡು ಬೆಳೆಯಿತು.

ಇಂದು ನೀವು ಆ ದಾರಿಯಲ್ಲಿ ಓಡುವುದು ಹೇಗೆ ಸಾಧ್ಯ? 2003ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಮಾಡಿದ ಭೂಸುಧಾರಣಾ ಕಾಯಿದೆ ಅಲ್ಲಿನ ಬಹುಪಾಲು ನೆಲದ ಮೇಲೆ, ಒಡೆಯರು ಯಾರೇ ಇರಲಿ, ಸಂಚರಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ಹಕ್ಕಿನೊಂದಿಗೆ ಷರತ್ತೂ ಇದೆ: ಹೊಣೆಯರಿತು ನಡೆದರೆ ಮಾತ್ರ. ಬೇರೆಯವರ ಬದುಕಿಗೆ ಗೌರವ ಕೊಡಬೇಕು, ಪರಿಸರವನ್ನು ಕಾಪಾಡಬೇಕು, ತನ್ನ ಕೃತ್ಯಕ್ಕೆ ತಾನೇ ಜವಾಬ್ದಾರನಾಗಬೇಕು. ಹಕ್ಕಿಗಳು ನೆಲದ ಮೇಲೆ ಗೂಡು ಕಟ್ಟುವ ವಸಂತದಲ್ಲಿ ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಳ್ಳುವುದೂ ಇದರಲ್ಲಿ ಸೇರಿದೆ.

ಕಾಯಿದೆ ದಾರಿಯನ್ನು ತೆರೆಯಬಲ್ಲದು, ಸವೆಯದಂತೆ ಕಾಯಲಾರದು. ಅಂಕುಡೊಂಕಾದ ದಾರಿಯಲ್ಲಿ ಒಬ್ಬ ಓಟಗಾರ ಹತ್ತು ಸೆಕೆಂಡ್ ಉಳಿಸಲು ಅಡ್ಡಹಾಯುತ್ತಾನೆ ಎನ್ನಿ. ಹತ್ತು ಜನ ಅವನ ಹೆಜ್ಜೆ ಹಿಡಿಯುತ್ತಾರೆ. ಹೆದರ್ ಸಾಯುತ್ತದೆ, ಬೇರು ಬಿಟ್ಟ ಮಣ್ಣನ್ನು ಮಳೆ ಕೊಚ್ಚುತ್ತದೆ, ಕೆಲವೇ ವರ್ಷಗಳಲ್ಲಿ ಅಲ್ಲೊಂದು ಕೊರಕಲು. ಪೀಟ್ ಒಂದು ಮೀಟರ್ ಕೂಡಲು ಸುಮಾರು ಸಾವಿರ ವರ್ಷ ಬೇಕು. ಬೆನ್ನಹೀ ಬೆಟ್ಟವನ್ನು ಕಾಯುವುದಕ್ಕೆಂದೇ 1973ರಲ್ಲಿ 'ಬೇಲೀಸ್ ಆಫ್ ಬೆನ್ನಹೀ' ಎಂಬ ಸ್ವಯಂಸೇವಕರ ಸಂಘ ಹುಟ್ಟಿತು. ದಾರಿಗೆ ಕಲ್ಲು ಹಾಸುವುದು, ಕಾಲುವೆ ಬಿಡಿಸುವುದು, ಕಸ ಹೆಕ್ಕುವುದು ಇಂಥ ಕೆಲಸಕ್ಕೆ ಪದಕವಿಲ್ಲ. ನಿಮ್ಮ ಕಾಲು ಜಾರದೆ ನಿಂತ ಮೆಟ್ಟಿಲನ್ನು ಯಾರೋ ಒಬ್ಬರು ಮಳೆಯಲ್ಲಿ ಕೂತು ಜೋಡಿಸಿರುತ್ತಾರೆ.

ಮಿತ್ರರೇ, ನೀವು ಬೆನ್ನಹೀ ಬೆಟ್ಟಕ್ಕೆ ಹೋಗುತ್ತೀರೋ ಇಲ್ಲವೋ, ನಿಮ್ಮ ಊರಿನ ಬಳಿಯೂ ಒಂದು ಗುಡ್ಡ ಇದ್ದೇ ಇರುತ್ತದೆ. ಓಡಬೇಕೆನಿಸಿದರೆ ಮೊದಲು ನಡೆದು ನೋಡಿ. ಒಬ್ಬರೇ ಹೋಗಬೇಡಿ. ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಮನೆಯಲ್ಲಿ ಹೇಳಿಹೋಗಿ. ಕಾಯ್ದಿಟ್ಟ ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ನಮ್ಮ ಕಾಡಿನಲ್ಲಿ ಆನೆ, ಕರಡಿಗಳಿಗೂ ದಾರಿಗಳಿವೆ. ನಾವು ಮೇಷ್ಟರುಗಳು 'ಗುರಿ ಮುಟ್ಟು' ಎಂದು ನಿಮಗೆ ಸದಾ ಹೇಳುತ್ತೇವೆ. 'ಮುಟ್ಟಿ ಮರಳಿ ಬಾ' ಎನ್ನುವುದನ್ನು ಮರೆತುಬಿಡುತ್ತೇವೆ. ಪರೀಕ್ಷೆಯ ರಾತ್ರಿಗೆ ಆರೋಗ್ಯವನ್ನೆಲ್ಲ ಸುರಿದುಬಿಡುವ ಹುಡುಗರನ್ನು, ಒಂದು ಅಂಕಕ್ಕಾಗಿ ಗೆಳೆತನ ಕಳೆದುಕೊಳ್ಳುವ ಹುಡುಗಿಯರನ್ನು ಕಂಡಾಗ ನನಗೆ ಈ ಸುತ್ತು ದಾರಿ ನೆನಪಾಗುತ್ತದೆ.

ಅರ್ಧ ಏರಿದ ಮೇಲೆ ಮಂಜು ಕವಿದರೆ ಹಿಂತಿರುಗಿ. ಅದು ಸೋಲಲ್ಲ. ಬೆಟ್ಟ ಮುಂದಿನ ಭಾನುವಾರವೂ ಅಲ್ಲಿಯೇ ಇರುತ್ತದೆ, ನೀವೂ ಇರಬೇಕಲ್ಲವೇ? ಸ್ವಲ್ಪ ಬಲವನ್ನು, ಸ್ವಲ್ಪ ಹೊತ್ತನ್ನು ನಿಮಗಾಗಿ ಉಳಿಸಿಕೊಳ್ಳಿ. ದಾರಿಯನ್ನು ನಿಮ್ಮ ಹಿಂದೆ ಬರುವವರಿಗಾಗಿ ಉಳಿಸಿ.